ಅಳಿಯ ಬೇಯಿಸಿದ ನುಗ್ಗೆಸೊಪ್ಪು

ನಮ್ಮ ಹಿತ್ತಲಲ್ಲಿ ಒಂದು ನುಗ್ಗೆ ಮರ. ಪಕ್ಕದ ಮನೆಯವರ ಹಿತ್ತಲಲ್ಲಿ ಇನ್ನೊಂದು. ಎದುರು ಮನೆಯವರದು ಗೋಡೆ ದಾಟಿ ಬೀದಿಗೇ ಬಾಗಿಕೊಂಡಿದೆ. ನಿಡುಗಲ್ ಬೆಟ್ಟದ ಕೆಳಗಿರೋ ನಮ್ಮೂರಲ್ಲಿ ಶಿವರಾತ್ರಿ ಕಳೆಯಿತು ಅಂದರೆ ನೆಲದ ಮೇಲೆ ಹಸಿರು ಹುಡುಕಿದರೂ ಸಿಗೋದಿಲ್ಲ. ಹೊಲದ ಬದುವಿನ ಅಣ್ಣೆಸೊಪ್ಪು, ಗೋಣಿಸೊಪ್ಪು ಎಲ್ಲಾ ಮಳೆಗಾಲದ ನೆಂಟರು. ಬೇಸಿಗೆಗೆ ನಿಲ್ಲೋದು ಈ ನುಗ್ಗೆ ಒಂದೇ, ತಲೆ ತುಂಬ ಎಲೆ ಹೊತ್ತುಕೊಂಡು. ಆ ಎಲೆಯನ್ನ ನಮ್ಮೂರಲ್ಲಿ ಒಬ್ಬರೂ ತಿನ್ನುತ್ತಿರಲಿಲ್ಲ. ಬುಡಕ್ಕೆ ಅರಿಶಿನ ಕುಂಕುಮ ಇಟ್ಟು, ನೀರು ಹುಯ್ದು, ಕೈಮುಗಿದು ಬರೋರು. ಹೊತ್ತು ಮುಳುಗಿದರೆ ಅದೇ ಮರದ ಬುಡಕ್ಕೆ ನಮ್ಮ ಮಕ್ಕಳು ಎಡವಿ ಬೀಳೋವು. ಇರುಳುಗಣ್ಣು. ಹಗಲು ಚೆನ್ನಾಗಿ ಕಾಣೋ ಕಣ್ಣು, ದೀಪ ಹಚ್ಚೋ ಹೊತ್ತಿಗೆ ಕಲ್ಲು.

ನೆನೆಸಿಕೊಂಡರೆ ಈಗಲೂ ತಲೆ ಚಚ್ಚಿಕೊಳ್ಳೋ ಹಂಗಾಗುತ್ತೆ. ಆದರೆ ಚಚ್ಚಿಕೊಳ್ಳೋಕೆ ಕೈ ಬಿಡುವಿಲ್ಲ, ತೊಡೆ ಮೇಲೆ ಮೊಮ್ಮಗಳು ಕೂತಿದ್ದಾಳೆ. ನಾನು ಓದಿದ್ದು ಕೂಲಿಮಠದಲ್ಲಿ ಮರಳ ಮೇಲೆ ತೀಡಿದ ಅಕ್ಷರ ಅಷ್ಟೆ. ಅದರಲ್ಲೇ ಬರೀತಿದ್ದೀನಿ. ಯಾಕೆಂದರೆ ನಮ್ಮತ್ತೆ ಈ ಕಥೆಯನ್ನ ಊರ ತುಂಬ ಬೇರೆ ಥರ ಹೇಳಿಕೊಂಡು ತಿರುಗುತ್ತಿದ್ದಾರೆ. ನನ್ನ ಮೊಮ್ಮಗಳಿಗೆ ಸರಿಯಾದದ್ದು ಗೊತ್ತಾಗಬೇಡವೇ?

ನುಗ್ಗೆ ನಮ್ಮ ಗಂಡನ ಮನೆಯವರ ಕುಲದ ಮರ. ಈ ಕಡೆ ಒಂದೊಂದು ಕುಲಕ್ಕೂ ಒಂದೊಂದು ಗಿಡವೋ ಮರವೋ ಇರುತ್ತೆ. ಅದನ್ನ ಆ ಕುಲದೋರು ಕಡಿಯಂಗಿಲ್ಲ, ಕೊಯ್ಯಂಗಿಲ್ಲ, ತಿನ್ನಂಗಿಲ್ಲ. ಹಿಂದೆ ಯಾವಾಗಲೋ ದಂಡು ನುಗ್ಗಿದಾಗ ಈ ಕುಲದ ಮೂಲದ ಅಜ್ಜಿ ನುಗ್ಗೆ ಮರದ ಮೇಲೆ ಅಡಗಿ ಕೂತು ಜೀವ ಉಳಿಸಿಕೊಂಡಳಂತೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಇದನ್ನ ಹೇಳಿದಾಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಇರಲಿಲ್ಲ.

"ಬೆಕ್ಕು ಹತ್ತಿದರೆ ಮುರಿಯೋ ಕೊಂಬೆ ಕಣತ್ತೆ ಅದು. ಅಷ್ಟು ದೊಡ್ಡ ಹೆಂಗಸು ಹೆಂಗೆ ಕೂತಿದ್ರು?"

"ಮುರೀದೆ ಇದ್ದದ್ದೇ ಕಣೇ ಮಹಿಮೆ!" ಅಂದರು ಅತ್ತೆ. "ನಿಮ್ಮ ಕೊಳಾಲದ ಕಡೆಯೋರಿಗೆ ಹಸಿರು ಕಂಡ್ರೆ ತಿನ್ನೋದೊಂದೇ ಗೊತ್ತು. ಮೇಕೆ ವಂಶ."

ಅದೂ ಸುಳ್ಳಲ್ಲ. ನನ್ನ ತವರು ಕೊರಟಗೆರೆ ತಾಲ್ಲೂಕಿನ ಕೊಳಾಲದ ಮಗ್ಗುಲು. ಅಲ್ಲಿ ಬಾವಿ ನೀರಿತ್ತು, ಮನೆ ಹಿಂದೆ ಮಡಿ ಕಟ್ಟಿ ದಂಟು, ಹರಿವೆ, ಬಸಳೆ ಹಾಕುತ್ತಿದ್ದೆವು. ಮುದ್ದೆ ಮುರಿದರೆ ಪಕ್ಕದಲ್ಲಿ ಸೊಪ್ಪಿರಲೇಬೇಕು. ನುಗ್ಗೆಸೊಪ್ಪಿಗೆ ಹೆಸರುಕಾಳು ಹಾಕಿ ನಮ್ಮವ್ವ ಮಾಡುತ್ತಿದ್ದ ಪಲ್ಯ ನೆನೆಸಿಕೊಂಡರೆ ಈಗಲೂ ಬಾಯಲ್ಲಿ ನೀರು. ಧಾರೆ ಎರೆದ ದಿನವೇ ನನ್ನ ಕುಲ ಬದಲಾಯಿತು, ನುಗ್ಗೆ ತಪ್ಪಿತು. ಅಲ್ಲಿಂದ ಬೇಸಿಗೆ ಪೂರ್ತಿ ಮುದ್ದೆ, ಹುರುಳಿಕಾಳಿನ ಸಾರು, ಹುಣಸೆಗೊಜ್ಜು, ಕೆಂಪು ಖಾರ. ಬಾಗಿಲ ಮುಂದೆ ಮಾತ್ರ ಸೊಂಪಾದ ನುಗ್ಗೆ. ನೋಡಿ ಕೈಮುಗಿ, ಒಳಗೆ ಬಂದು ಖಾರ ನೆಕ್ಕು.

ನನಗಾದರೆ ಹೋಗಲಿ. ಮಗಳು ಚೊಚ್ಚಲ ಬಾಣಂತನಕ್ಕೆ ಶಿರಾದಿಂದ ಬಂದಳಲ್ಲ, ಆಗ ನನ್ನ ತಾಳ್ಮೆ ಕಿತ್ತುಹೋಯಿತು. ಅವಳನ್ನ ಶಿರಾ ಪೇಟೆಯ ಕಂಬಳಿ ವ್ಯಾಪಾರದ ಮನೆಗೆ ಕೊಟ್ಟಿದ್ದೆವು. ಗಾಡಿಯಿಂದ ಇಳಿದಾಗ ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದಳು. ನಾನು ದೃಷ್ಟಿ ತೆಗೆದು ಒಳಗೆ ಕರೆದುಕೊಂಡೆ. ಸಂಜೆ ಆಯಿತು. ಗೂಡಿನಲ್ಲಿ ದೀಪ ಹಚ್ಚಿಟ್ಟು, "ಮಗಾ, ಆ ಚೊಂಬು ಕೊಡು" ಅಂದೆ. ಅವಳು ಎದ್ದು ಗೋಡೆ ಸವರಿಕೊಂಡು ಬಂದಳು, ಕಟ್ಟಿಹಾಕಿದ್ದ ಕರುವಿನ ಮೇಲೆ ಕಾಲಿಟ್ಟು ಮುಗ್ಗರಿಸಿದಳು. ನಾನು ಹಿಡಿದುಕೊಂಡೆ.

"ಇನ್ನೂ ದೀಪ ಹಚ್ಚಿಲ್ವೇನಮ್ಮ?" ಅಂದಳು.

ದೀಪ ಅವಳ ಮುಖದ ಮುಂದೇ ಉರೀತಿತ್ತು.

ಅತ್ತೆ ಜಗುಲಿಯಿಂದಲೇ ತೀರ್ಮಾನ ಕೊಟ್ಟರು. "ಯುದ್ಧದ ಕಾಲ ಕಣೇ. ಸೀಮೆಎಣ್ಣೆ ಎಲ್ಲೈತೆ? ಈ ಹರಳೆಣ್ಣೆ ದೀಪದಾಗೆ ನಂಗೂ ಏನೂ ಕಾಣಲ್ಲ."

"ನಿಮಗೆ ಹಲ್ಲು ಬಿದ್ದು ಎಷ್ಟು ಕಾಲ ಆಯ್ತು ಅತ್ತೆ! ಅವಳಿನ್ನೂ ಎಳೆ ಹುಡುಗಿ!"

"ಹಲ್ಲಿಗೂ ಕಣ್ಣಿಗೂ ಏನೇ ಸಂಬಂಧ?"

ಇಂಥಾ ಹೆಂಗಸಿನ ಹತ್ತಿರ ಏನು ಮಾತಾಡೋದು? ಮಗಳು ಮಾತ್ರ ಸಣ್ಣ ದನಿಯಲ್ಲಿ ಹೇಳಿದಳು, ಬಸುರಾಗಿ ಕೆಲವು ತಿಂಗಳಾದ ಮೇಲಿಂದ ಹಿಂಗೇ, ಗಂಡನ ಮನೇಲಿ ಯಾರಿಗೂ ಹೇಳಿಲ್ಲ ಅಂತ. ಅವರ ಮನೆ ಅಂಗಳದಲ್ಲೇ ಸೇದೋ ಬಾವಿ. ಕಟ್ಟೆ ಮೊಣಕಾಲಿನ ಎತ್ತರ. ಇವಳು ನಾಳೆ ಕೂಸನ್ನ ಕಂಕುಳಲ್ಲಿಟ್ಟುಕೊಂಡು ಮುಸ್ಸಂಜೆ ಹೊತ್ತಲ್ಲಿ ಆ ಅಂಗಳದಲ್ಲಿ ಓಡಾಡಬೇಕು. ಆ ಬಾವಿ ನನ್ನ ಕಣ್ಣಿಂದ ಹೋಗಲೇ ಇಲ್ಲ.

ಮಾರನೆಯ ದಿನವೇ ಗಾಡಿ ಕಟ್ಟಿಸಿ ಪಾವಗಡದ ಆಸ್ಪತ್ರೆಗೆ ಹೊರಟೆ. ಅತ್ತೆಯೂ ಹತ್ತಿ ಕೂತರು, ಬಿಟ್ಟು ಹೋದರೆ ನಾವು ಏನಾದರೂ ಸುಖ ಪಟ್ಟುಬಿಡುತ್ತೇವೆ ಅನ್ನೋ ಹಾಗೆ. ಡಾಕ್ಟರು ಮಗಳ ರೆಪ್ಪೆ ಬಿಡಿಸಿ ನೋಡಿದರು. "ಇದಕ್ಕೆ ಮೀನೆಣ್ಣೆ ಕೊಡಬೇಕು. ಯುದ್ಧ ಶುರುವಾದ ಮೇಲೆ ಬರ್ತಿಲ್ಲ. ಬಂದರೂ ನೀವು ವಿಭೂತಿ ಹಚ್ಚೋ ಜನ, ಮೀನಿಂದು ಅಂದರೆ ಕುಡಿಯಲ್ಲ. ದಿನಾ ಹಸಿರು ಸೊಪ್ಪು ತಿನ್ನಿಸಿ. ಆಗ ತಾನೇ ಕೊಯ್ದಿದ್ದು, ಬಾಡಿದ್ದಲ್ಲ. ಬೇಯಿಸಿದ ನೀರು ಚೆಲ್ಲಬೇಡಿ, ಮೇಲಿಷ್ಟು ತುಪ್ಪ ಬೀಳಲಿ. ನಿಮ್ಮೂರಲ್ಲಿ ನುಗ್ಗೆ ಬೇಕಾದಷ್ಟಿದೆಯಲ್ಲ?"

ಅತ್ತೆ ಬೆಂಚಿನಿಂದ ಎದ್ದು ಹೋಗಿ ಗಾಡಿಯಲ್ಲಿ ಕೂತುಬಿಟ್ಟರು.

ದಾರಿಯುದ್ದಕ್ಕೂ ವಾದ. ಹೋಗಲಿ, ಬೇರೆ ಏನಾದರೂ ಕೊಡೋಣ ಅಂದೆ. ಪರಂಗಿಹಣ್ಣು? ಉಷ್ಣ, ಬಸುರಿಗೆ ಕೂಡದು. ಸಿಹಿಗುಂಬಳ? ವಾಯು. ಎಲ್ಲಾದರೂ ಸಿಕ್ಕಿದ ಸೊಪ್ಪು? ತಂಪು, ಕೂಸಿಗೆ ಶೀತ.

"ಹಂಗಾರೆ ಬಸುರಿ ತಿನ್ನೋದೇನತ್ತೆ? ಗಾಳಿ?"

"ನಾನು ತಿಂದು ಹೆತ್ತಿಲ್ವಾ? ನಿನ್ನ ಗಂಡ ನೋಡು, ಎತ್ತು ಇದ್ದಂಗವ್ನೆ."

ಆ ಎತ್ತು ಗಾಡಿ ಹೊಡೀತಾ ಕೂತಿತ್ತು. ಕೊನೆಗೆ ನಾನೇ ತಿವಿದು ಕೇಳಿದ್ದಕ್ಕೆ, "ನೀವಿಬ್ಬರೂ ಏನಾದರೂ ಮಾಡ್ಕಳಿ" ಅಂತ ಎತ್ತಿನ ಬಾಲ ತಿರುವಿದರು. ಅವರ ಜೊತೆ ಇಷ್ಟು ಕಾಲ ಬಾಳಿದ್ದೀನಿ, ನನಗೆ ಸ್ವರ್ಗದಲ್ಲಿ ಒಂದು ಜಾಗ ಇರಲೇಬೇಕು.

ನಮ್ಮ ತವರಿಗೆ ಹೇಳಿಕಳಿಸಿದೆ. ನನ್ನ ಅಣ್ಣ ಪಾಪ, ಬೆಳಗ್ಗೆ ಎದ್ದು ಮಡಿಯಲ್ಲಿದ್ದ ಸೊಪ್ಪನ್ನೆಲ್ಲ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ಕೊರಟಗೆರೆಯಲ್ಲಿ ಬಸ್ಸಿಗೆ ಹಾಕಿದ. ಆಗ ಬಸ್ಸುಗಳೆಲ್ಲ ಪೆಟ್ರೋಲಿಲ್ಲದೆ ಇದ್ದಿಲಿನ ಮೇಲೆ ಓಡುತ್ತಿದ್ದವು. ಹಿಂದೆ ಒಂದು ಒಲೆ ಕಟ್ಟಿಕೊಂಡು, ಏರು ಬಂದರೆ ಜನ ಇಳಿದು ತಳ್ಳಬೇಕು. ಆ ಬಸ್ಸು ಮಧುಗಿರಿ ತಲುಪಿ ಅಲ್ಲೇ ಕೂತಿತಂತೆ. ನಮ್ಮ ಕಡೆ ಗಾಡಿಯವನು ಸಿಕ್ಕಿ ಗೋಣಿ ಮನೆಗೆ ಬರೋ ಹೊತ್ತಿಗೆ ಬಿಚ್ಚಿದರೆ ಹಬೆ ಬಂತು. ಒಳಗೆ ಹಳದಿ ಲೋಳೆ. ಸೊಪ್ಪು ಅನ್ನೋದು ಕಂಬಳಿಯಲ್ಲ, ಕಾಯೋದಿಲ್ಲ.

"ಹಸೂಗೆ ಹಾಕಮ್ಮಾ," ಅಂದರು ಅತ್ತೆ. "ಅದಕ್ಕಾದ್ರೂ ಕಣ್ಣು ಬರಲಿ."

ನಾನು ಹಿತ್ತಲಿಗೆ ಹೋಗಿ ನುಗ್ಗೆ ಮರದ ಕೆಳಗೆ ನಿಂತು ಅತ್ತುಬಿಟ್ಟೆ. ಅಳುತ್ತಾ ಮೇಲೆ ನೋಡಿದರೆ, ಮಡಿಲು ತುಂಬ ತುಂಬಿಕೊಳ್ಳಬಹುದು ಅನ್ನೋ ಹಾಗೆ ಎಲೆ.

ಆ ವಾರವೇ ಸೋಮವಾರ ಮನೆದೇವರ ಪೂಜೆ ಬಂತು. ಅತ್ತೆ ಆರತಿ ತಟ್ಟೆ ಹಿಡಿದಿದ್ದರು. ಅವರ ಕೈ ನಡುಗುತ್ತೆ ಅಂತ ಮಗಳು ಮುಂದೆ ಬಂದು ತಟ್ಟೆ ಹಿಡಿಯೋಕೆ ಹೋದಳು. ಅತ್ತೆ ತಟ್ಟೆಯನ್ನ ಎಳಕೊಂಡರು.

"ವದ್ದು ವದ್ದು! ಮುಟ್ಟಬ್ಯಾಡ ಕಣಮ್ಮ. ಕೊಟ್ಟ ಹೆಣ್ಣು ನೀನು. ಧಾರೆ ಎರೆದ ಮ್ಯಾಲೆ ನಿನ್ನ ಕುಲ ಬ್ಯಾರೆ. ಈ ತಟ್ಟೆ ಈ ಕುಲದೋರೇ ಮುಟ್ಟಬೇಕು."

ಮಗಳು ಮುಖ ಸಣ್ಣ ಮಾಡಿಕೊಂಡು ಹಿಂದೆ ಸರಿದಳು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಆ ಮಾತನ್ನೇ ಇನ್ನೊಮ್ಮೆ ಮನಸ್ಸಲ್ಲಿ ತಿರುವಿ ನೋಡಿದೆ. ಪೂಜೆ ಮುಗಿದು ಮಂಗಳಾರತಿ ಕಣ್ಣಿಗೊತ್ತಿಕೊಳ್ಳೋವರೆಗೂ ಹಲ್ಲು ಕಚ್ಚಿಕೊಂಡಿದ್ದು, ಬಂದಿದ್ದ ಕುಲದ ಯಜಮಾನರ ಎದುರಿಗೇ ಕೇಳಿದೆ.

"ಅತ್ತೆ, ನನ್ನ ಮಗಳು ಯಾವ ಕುಲ?"

"ಗಂಡನ ಕುಲ. ಈಗ ತಾನೆ ಹೇಳಲಿಲ್ವಾ?"

"ಆ ಕುಲಕ್ಕೆ ನುಗ್ಗೆ ಆಗುತ್ತೋ ಆಗಲ್ವೋ?"

ಅತ್ತೆಗೆ ಅರ್ಥವಾಯಿತು. ಯಜಮಾನರು ಮೀಸೆ ತಿರುವಿಕೊಂಡು, "ಅವರದು ಆಲದ ಕುಲ. ನುಗ್ಗೆ ಅವರಿಗೆ ನಡೀತದೆ" ಅಂದರು.

"ತಟ್ಟೆ ಮುಟ್ಟಕ್ಕೆ ಹೊರಗಿನೋಳು, ಸೊಪ್ಪು ತಿನ್ನಕ್ಕೆ ಒಳಗಿನೋಳು, ಹೆಂಗಾಗುತ್ತೆ ಅತ್ತೆ? ಒಂದು ಕಡೆ ನಿಲ್ಲಿಸಿ ಅವಳನ್ನ!"

ಗೆದ್ದೆ ಅಂದುಕೊಂಡೆ. ನಮ್ಮತ್ತೆಯನ್ನ ಗೆಲ್ಲೋದು ಅಷ್ಟು ಸುಲಭವೇ? ಅವರು ಎಲೆಯಡಿಕೆ ಬಾಯಿಗಿಟ್ಟುಕೊಂಡು ನಿಧಾನವಾಗಿ ಶುರು ಮಾಡಿದರು. "ಸರಿ. ತಿನ್ನಲಿ. ಕೊಯ್ಯೋರು ಯಾರು? ನಾನಿಲ್ಲ, ನೀನಿಲ್ಲ, ಈ ಊರಾಗೆ ಯಾರೂ ಇಲ್ಲ, ಎಲ್ಲಾ ನಮ್ಮ ಕುಲವೇ. ಬಸುರಿ ಕೊಂಬೆ ಮುರಿಯಂಗಿಲ್ಲ. ಬೇಯಿಸೋರು ಯಾರು? ನಮ್ಮ ಗಡಿಗೆಗೆ ಬೀಳಂಗಿಲ್ಲ, ನಮ್ಮ ಒಲೆ ಮ್ಯಾಲೆ ಏರಂಗಿಲ್ಲ, ನೀನು ಸೌಟು ಮುಟ್ಟಂಗಿಲ್ಲ. ಈಗೇನ್ ಮಾಡ್ತೀಯೋ ಮಾಡು."

ಏನ್ ಮಾಡಲಿ? ಅಳಿಯನಿಗೆ ಹೇಳಿಕಳಿಸಿದೆ.

ಅಳಿಯ ಅಂದರೆ ನಮ್ಮಲ್ಲಿ ಏನು ಗೊತ್ತಲ್ಲ? ಬಂದರೆ ಕಾಲಿಗೆ ನೀರು, ಕೂರೋಕೆ ಮಣೆ, ಹೋಳಿಗೆ, ತುಪ್ಪ. ಆ ಹುಡುಗನೂ ಅದೇ ನಂಬಿಕೆಯ ಮೇಲೆ ಜರಿ ರುಮಾಲು ಸುತ್ತಿಕೊಂಡು ಶಿರಾದಿಂದ ಬಂದ. ನಾನು ಕಾಲಿಗೆ ನೀರು ಕೊಟ್ಟೆ. ಆಮೇಲೆ ಕೈಗೆ ಒಂದು ಹೊಸ ಮಡಕೆ ಕೊಟ್ಟೆ.

"ಇದೇನತ್ತೆ?"

ಎಲ್ಲಾ ಹೇಳಿದೆ. ಕಣ್ಣಿನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಹೇಳುವಾಗ ನನ್ನ ನಾಲಿಗೆ ತಡವರಿಸಿತು, ಕುರುಡು ಹೆಣ್ಣು ಕೊಟ್ಟಿರಿ ಅಂತ ಎದ್ದು ಹೊರಟುಬಿಟ್ಟರೆ? ಅವನು ಕೂತು ಪೂರ್ತಿ ಕೇಳಿದ. ಆಮೇಲೆ ರುಮಾಲು ತೆಗೆದು ಗೂಟಕ್ಕೆ ಸಿಕ್ಕಿಸಿದ. "ಅರೆ, ಇಷ್ಟೇನಾ? ಬಾವಿಗೆ ಆಳೆತ್ತರ ಕಟ್ಟೆ ಕಟ್ಟಿಸ್ತೀನಿ, ಅದು ಬೇರೆ ಮಾತು. ಈಗ ಮರ ತೋರಿಸಿ. ಬಿಲ್ಕುಲ್ ಫಿಕರ್ ಮಾಡಬೇಡಿ."

ಮರದ ಬುಡದಲ್ಲಿ ಅತ್ತೆ ಅಡ್ಡ ನಿಂತಿದ್ದರು. ಮುರಿಯೋ ಮೊದಲು ಮರದ ಅಪ್ಪಣೆ ಕೇಳಬೇಕು ಅಂದರು. ಅವನು ಕೈಮುಗಿದು ಮರಕ್ಕೆ, "ತಾಯಿ, ಮಾಫ್ ಮಾಡು, ನಿಮ್ಮ ಹುಡುಗಿಗೇ ಬೇಕಾಗಿರೋದು" ಅಂದ. ಕೊಂಬೆಗೆ ಕಾಲಿಟ್ಟ. ಕೊಂಬೆ ಮುರಿದು ಅಳಿಯ ಸೊಪ್ಪಿನ ಸಮೇತ ಕೆಳಗೆ ಬಿದ್ದ.

"ನೋಡಿದ್ರಾ ಅತ್ತೆ," ಅಂದೆ, "ನಿಮ್ಮ ಅಜ್ಜಿ ಹೆಂಗೆ ಕೂತಿದ್ರು ಅಂತ ನಾನು ಅವತ್ತೇ ಕೇಳಲಿಲ್ವಾ?"

ಗೋಡೆಗಳ ಮೇಲೆಲ್ಲ ತಲೆಗಳು. ಊರು ಊರೇ ನೋಡೋಕೆ ನಿಂತಿತ್ತು. ಹಿತ್ತಲ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಶಿರಾ ಪೇಟೆಯ ಕಂಬಳಿ ಸಾಹುಕಾರ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ ಹೆಂಡತಿಗೆ ಸೊಪ್ಪು ಬೇಯಿಸುತ್ತಿದ್ದಾನೆ. "ಸಾಹುಕಾರ್ರೇ, ನಮಗೂ ಒಂದು ಎಲೆ ಹಾಕಿ!" ಅಂತ ಪಕ್ಕದ ಮನೆಯವಳು ಕೂಗಿದಳು. "ನಿನ್ನ ಕುಲ ಬದಲಾಯಿಸಿಕೊಂಡು ಬಾರಮ್ಮ" ಅಂದ ಇವನು.

ಆದರೆ ಅಯ್ಯೋ, ಆ ಅಡುಗೆ! ಕಡ್ಡಿ ಬಿಡಿಸೋಕೆ ಬರೋದಿಲ್ಲ. ಉಪ್ಪು ಒಂದು ದಿನ ಇಲ್ಲ, ಒಂದು ದಿನ ಸಮುದ್ರ. ತುಪ್ಪ ಹಾಕು ಅಂದರೆ ಮರೆತುಬಿಡ್ತಾನೆ. ನಾನು ದೂರದಲ್ಲಿ ನಿಂತು ಕೈ ಹಿಸುಕಿಕೊಳ್ಳುತ್ತಿದ್ದೆ, ಮುಟ್ಟಂಗಿಲ್ಲವಲ್ಲ. ಮಗಳು ಒಂದೆಲೆಯೂ ಬಿಡದೆ ನುಂಗುತ್ತಿದ್ದಳು, ಕಣ್ಣಲ್ಲಿ ನೀರು ಬರೋದು, ಪ್ರೀತಿಗೋ ಉಪ್ಪಿಗೋ ತಿಳಿಯದು. ಅತ್ತೆ ಮಾತ್ರ ಹಿತ್ತಲ ಬಾಗಿಲಲ್ಲಿ ಬೆನ್ನು ಮಾಡಿ ಕೂರೋರು. ಬೆನ್ನು ಮಾಡಿಕೊಂಡೇ ಎಲ್ಲಾ ನೋಡೋರು.

"ಅಷ್ಟು ಉರಿ ಯಾಕೋ? ಸೊಪ್ಪೋ ಹೆಣವೋ?"

"ನೀರು ಚೆಲ್ಲಬ್ಯಾಡ! ಚೆಲ್ಲಬ್ಯಾಡ ಅಂತ ಆ ಡಾಕ್ಟ್ರು ಬಡಕೊಂಡಿಲ್ವಾ? ದೇವುಡಾ, ಈ ಅಳಿಯನ್ನ ಎಲ್ಲಿ ಹುಡುಕಿದ್ರೋ!"

ಡಾಕ್ಟರು ಹೇಳುವಾಗ ಗಾಡಿಗೆ ಎದ್ದು ಹೋದವರು, ಮಾತು ಮಾತ್ರ ಒಂದೂ ಬಿಟ್ಟಿರಲಿಲ್ಲ!

ದಿನಗಳು ಹೋದವು. ಪ್ರತಿ ಸಂಜೆ ನಾನು ಮಗಳ ಮುಂದೆ ದೀಪ ಹಿಡಿದು, "ಕಾಣುತ್ತಾ?" ಅಂತ ಕೇಳೋದು. "ಏನೋ ಮಬ್ಬು" ಅನ್ನೋಳು. ಇಲ್ಲ ಅಂದರೆ ನಾನು ಅಳ್ತೀನಿ ಅಂತ ಹಂಗೆ ಹೇಳ್ತಾಳೆ ಅಂತ ನನಗೆ ಗೊತ್ತು. ಅಳಿಯನ ಕೈ ತುಂಬ ಬೊಬ್ಬೆ. ಅಂಗಡಿ ಮುಚ್ಚಿಕೊಂಡು ಬಂದವನು ಎಷ್ಟು ದಿನ ಇದ್ದಾನು? ನನ್ನ ನಂಬಿಕೆ ಕರಗುತ್ತಾ ಬಂತು.

ಆಮೇಲೆ ಒಂದು ಸಂಜೆ. ಅಳಿಯ ಸೊಪ್ಪು ಬೇಯಿಸಿಟ್ಟು ಸ್ನಾನಕ್ಕೆ ಹೋಗಿದ್ದ. ನಾನು ಒಳಗೆ ಹಿಟ್ಟು ತಿರುವುತ್ತಿದ್ದೆ. ಮಗಳು ಹಿತ್ತಲ ಬಾಗಿಲಲ್ಲಿ ಗಾಳಿಗೆ ಕೂತಿದ್ದಳು. ದೀಪ ಇನ್ನೂ ಹಚ್ಚಿರಲಿಲ್ಲ. ಕಪ್ಪು ಕವಿದಿತ್ತು.

"ಅಜ್ಜೀ," ಅಂತ ಕೂಗಿದಳು ಮಗಳು, "ನನ್ನ ಮಡಕೆಗೇನು ಹಾಕ್ತಿದ್ದೀಯ?"

ನಾನು ಹಿಟ್ಟಿನ ಕೋಲು ಹಿಡಕೊಂಡೇ ಓಡಿಬಂದೆ. ಮೂಲೆಯಲ್ಲಿ ಮೂರು ಕಲ್ಲಿನ ಮುಂದೆ ನಮ್ಮತ್ತೆ, ಸೆರಗಿನ ಕೆಳಗೆ ತುಪ್ಪದ ಗಿಂಡಿ. ಇನ್ನೊಂದು ಕೈಯಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ಸೌಟು. ಈ ಹುಡುಗಿಗೆ ಹೆಂಗೂ ಈ ಹೊತ್ತಲ್ಲಿ ಕಾಣೋದಿಲ್ಲ ಅಂತ ಧೈರ್ಯವಾಗಿ ಬಂದಿದ್ದರು.

"ನಾನೆಲ್ಲಿ ಹಾಕಿದೆ?" ಅಂದರು ಅತ್ತೆ. "ಮುಟ್ಟಿಲ್ಲ. ಮ್ಯಾಲಿಂದ ಬುಟ್ಟೆ, ಅಷ್ಟೇಯ. ಸೌಟು ಸೊಪ್ಪಿಗೆ ತಾಕಿಲ್ಲ ಕಣೇ!"

"ಎಷ್ಟು ದಿನದಿಂದ ನಡೀತೈತೆ ಇದು?"

"ಬಸುರಿ ಹೆಂಗಸಿಗೆ ಅಂಥಾ ಸಪ್ಪೆ ಸೊಪ್ಪು ತಿನ್ನಿಸ್ತಾರೇನೇ ಯಾರಾದ್ರೂ?"

ನಾವು ಹಿಂಗೆ ಜಗಳ ಆಡುತ್ತಲೇ ಇದ್ದೆವು. ಆಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಮಗಳ ಕಡೆ ತಿರುಗಿದೆವು. ಅವಳು ಬಾಗಿಲಲ್ಲಿ ನಿಂತುಕೊಂಡು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನೋಡುತ್ತಿದ್ದಳು!

"ಅಜ್ಜಿ, ನಿನ್ನ ಸೆರಗಿಗೆ ತುಪ್ಪ ಸುರೀತಿದೆ," ಅಂದಳು.

ಅಳಿಯ ಒದ್ದೆ ಪಂಚೆಯಲ್ಲೇ ಓಡಿ ಬಂದ. ನಾನು ಯಾರನ್ನ ತಬ್ಬಿಕೊಂಡೆನೋ ನೆನಪಿಲ್ಲ. ಅತ್ತೆಯನ್ನೇ ಇರಬೇಕು, ಆಮೇಲೆ ನನ್ನ ಸೀರೆಯೂ ತುಪ್ಪ ತುಪ್ಪವಾಗಿತ್ತು.

ಕೂಸು ಹೆಣ್ಣು. ಕಣ್ಣು ಅಂದರೆ ಕಣ್ಣು, ಹುಟ್ಟಿದ ಕೂಡಲೇ ಸೂಲಗಿತ್ತಿಯನ್ನ ದಿಟ್ಟಿಸಿ ನೋಡಿತು. ನನ್ನ ಖುಷಿ ಏನಂತ ಬರೀಲಿ, ಮೂರು ಬೀದಿಗೂ ಬೆಲ್ಲ ಹಂಚಿದೆ, ಬೈಕೊಂಡು ತಿರುಗೋರನ್ನೂ ಕರೆದು ಕೊಟ್ಟೆ. ಅಷ್ಟರಲ್ಲಿ ನಮ್ಮತ್ತೆ ಆಗಲೇ ಶುರು ಮಾಡಿದ್ದರು, ಮರದ ಮೇಲಿನ ಅಜ್ಜಿಯೇ ಕನಸಲ್ಲಿ ಬಂದು ಮೊಮ್ಮಗಳಿಗೆ ಸೊಪ್ಪು ತಿನ್ನಿಸು ಅಂದಳಂತೆ! ಡಾಕ್ಟರು ಇಲ್ಲ, ನಾನು ಇಲ್ಲ, ಬಿದ್ದು ಸೊಂಟ ಉಳುಕಿಸಿಕೊಂಡ ಅಳಿಯನೂ ಇಲ್ಲ. ಊರು ನಂಬಿತು. ಈಗ ಕೊಟ್ಟ ಹೆಣ್ಣುಮಕ್ಕಳು ಬಾಣಂತನಕ್ಕೆ ಬಂದರೆ ಅವರ ಗಂಡಂದಿರು ಮಡಕೆ ಹಿಡಿದೇ ಬರುತ್ತಾರೆ. ಆದರೆ ಇಲ್ಲೇ ಹುಟ್ಟಿದ ಮಕ್ಕಳಿಗೆ ಇವತ್ತಿಗೂ ನುಗ್ಗೆ ಕೂಡದು. ಪಕ್ಕದ ಮನೆಯ ಚಿಕ್ಕ ಹುಡುಗಿ ಬೇಸಿಗೆ ಬಂದರೆ ಸಂಜೆ ಗೋಡೆ ಸವರಿಕೊಂಡು ನಡೆಯುತ್ತಾಳೆ. ಅವರವ್ವನಿಗೆ ನಾನು ಹೇಳಿ ಹೇಳಿ ಗಂಟಲು ಒಣಗಿತು. "ಕುಲ ಕಣಕ್ಕ" ಅಂತಾಳೆ. ಯುದ್ಧ ಮುಗೀತು, ಸೀಮೆಎಣ್ಣೆ ಬರ್ತಿದೆ, ಇವರ ತಲೆಗೆ ಮಾತ್ರ ಬೆಳಕು ಬಂದಿಲ್ಲ.

ನಿನ್ನೆ ಸಂಜೆ, ಶಿರಾದಿಂದ ಬಂದಿರೋ ಮೊಮ್ಮಗಳು, ಇನ್ನೂ ಸರಿಯಾಗಿ ಮಾತಾಡೋಕೂ ಬಾರದು, ಕಪ್ಪು ಕವಿಯೋ ಹೊತ್ತಲ್ಲಿ ಹಿತ್ತಲ ತುಂಬ ಓಡಾಡುತ್ತಿದ್ದಳು. ಕಲ್ಲಿಗೆ ಎಡವಲಿಲ್ಲ, ಕರುವಿಗೆ ತಾಕಲಿಲ್ಲ. ಬಾಗಿದ ಕೊಂಬೆಯಿಂದ ಒಂದು ಚಿಗುರು ಕಿತ್ತುಕೊಂಡು ಸೀದಾ ಮುತ್ತಜ್ಜಿಯ ಹತ್ತಿರ ಬಂದು ಬಾಯಿಗೆ ತುರುಕಿದಳು. ಅತ್ತೆ ಕಣ್ಣು ಬಿಟ್ಟುಕೊಂಡು ಕೂತರು. ಉಗಿಯೋದೋ ನುಂಗೋದೋ? ಗೋಡೆಯಾಚೆಯಿಂದ ಪಕ್ಕದ ಮನೆಯವಳು ಮಗಳನ್ನ ಸೊಂಟದ ಮೇಲೆ ಕೂರಿಸಿಕೊಂಡು ನೋಡುತ್ತಿದ್ದಳು.

ಅತ್ತೆ ಬೊಚ್ಚುಬಾಯಲ್ಲಿ ಮೆಲ್ಲಗೆ ಆಡಿಸಿದರು. ನುಂಗಿದರು.

"ಕೂಸಿನ ಕೈಯಿಂದ ಬಂದಿದ್ದು ಉಗಿಯಂಗಿಲ್ಲ," ಅಂದರು ಎಲ್ಲರಿಗೂ ಕೇಳೋ ಹಾಗೆ. ಈ ಕಟ್ಟಳೆ ನಾನು ಈ ಮನೆಗೆ ಬಂದಮೇಲೆ ಇದೇ ಮೊದಲು ಕೇಳಿದ್ದು. ಆಮೇಲೆ ನನ್ನ ಕಡೆ ತಿರುಗಿ, "ಉಪ್ಪಿಲ್ಲ" ಅಂದರು.

ಪಕ್ಕದ ಮನೆಯವಳು ತನ್ನ ಮಗಳ ಕಣ್ಣು ನೋಡಿದಳು. ಆಮೇಲೆ ಗೋಡೆಯ ಮೇಲಿಂದ ಕೈ ಚಾಚಿದಳು.

"ಅಕ್ಕಾ, ನಿನ್ನ ಮೊಮ್ಮಗಳನ್ನ ಒಂಚೂರು ಈ ಕಡೆ ಕೊಡು."